ಒಂದೇ ದಿನ ಬಾಳಿದ ಬೀಟಾ

2022ರ ಮೇ 31ರಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.11ರ ಎರಡನೇ ಬೀಟಾ, ಅಂದರೆ ಪರೀಕ್ಷೆಗೆಂದು ಕೊಡುವ ಆವೃತ್ತಿ, ಹೊರಬಂತು. ಮರುದಿನ, ಜೂನ್ 1ರಂದು, ಮೂರನೆಯದು ಬಂತು. ಎರಡು ಬೀಟಾಗಳ ನಡುವೆ ವಾರಗಟ್ಟಲೆ ಅಂತರ ಇಟ್ಟುಕೊಳ್ಳುವ ತಂಡ ಹೀಗೆ ದಿನ ಬೆಳಗಾಗುವುದರೊಳಗೆ ಇನ್ನೊಂದನ್ನು ಬಿಡಬೇಕಾದರೆ ದೊಡ್ಡದೇನೋ ಎಡವಟ್ಟಾಗಿರಬೇಕು ಎನಿಸುವುದು ಸಹಜ. ನಿಜಕ್ಕೂ ಆಗಿದ್ದು ಸಣ್ಣದು. ಭಾಷೆ ಲೆಕ್ಕ ತಪ್ಪಿರಲಿಲ್ಲ, ಯಾರ ಕಡತವನ್ನೂ ಅಳಿಸಿರಲಿಲ್ಲ. ಪೈಟೆಸ್ಟ್ ಎಂಬ ಒಂದು ಸಲಕರಣೆ ಅದರ ಮೇಲೆ ಓಡುತ್ತಿರಲಿಲ್ಲ, ಅಷ್ಟೆ. ಆದರೆ ಪೈಥಾನ್ ಲೋಕದಲ್ಲಿ ಲೆಕ್ಕವಿಲ್ಲದಷ್ಟು ತಂತ್ರಾಂಶಗಳ ಪರೀಕ್ಷೆ ನಡೆಯುವುದೇ ಪೈಟೆಸ್ಟ್ ಮೂಲಕ. ತೂಗಿ ನೋಡಿ ಎಂದು ಸರಕು ಕೊಟ್ಟು ತಕ್ಕಡಿಯನ್ನೇ ಮುರಿದಂತಾಗಿತ್ತು.

ಇದು ಆದದ್ದು ಹೇಗೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. 3.11ರಲ್ಲಿ ಒಂದು ಒಳ್ಳೆಯ ಸೌಲಭ್ಯ ಸೇರಿತ್ತು. ಮೊದಲೆಲ್ಲ ಪ್ರೋಗ್ರಾಂ ತಪ್ಪಿದಾಗ ಪೈಥಾನ್ ಇಂಥ ಸಾಲಿನಲ್ಲಿ ತಪ್ಪಿದೆ ಎಂದಷ್ಟೇ ಹೇಳುತ್ತಿತ್ತು. ಒಂದೇ ಸಾಲಿನಲ್ಲಿ ನಾಲ್ಕು ಭಾಗಾಕಾರಗಳಿದ್ದರೆ ಸೊನ್ನೆಯಿಂದ ಭಾಗಿಸಿದ್ದು ಯಾವುದು ಎಂದು ನಾವೇ ತಡಕಾಡಬೇಕಿತ್ತು. 3.11 ಆ ಸಾಲಿನೊಳಗಿನ ತಪ್ಪಿದ ತುಣುಕಿನ ಕೆಳಗೇ ಗುರುತು ಹಾಕಿ ತೋರಿಸುತ್ತದೆ. ಹೀಗೆ ತೋರಿಸಬೇಕಾದರೆ ಪ್ರತಿಯೊಂದು ಆದೇಶವೂ ಯಾವ ಸಾಲಿನ ಎಷ್ಟನೇ ಅಕ್ಷರದಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ವಿವರ ಕಂಪೈಲರ್ ಬಳಿ ಇರಬೇಕು, ಆ ವಿವರ ಅಸಂಬದ್ಧವಾಗಿರಬಾರದು. ಅದಕ್ಕೆಂದೇ ಎರಡನೇ ಬೀಟಾದಲ್ಲಿ ಒಂದು ತಪಾಸಣೆ ಜಾರಿಯಾಯಿತು: ಮುಗಿಯುವ ಸಾಲು ಶುರುವಾಗುವ ಸಾಲಿಗಿಂತ ಹಿಂದಿದ್ದರೆ ಕಂಪೈಲರ್ ಒಪ್ಪುವುದಿಲ್ಲ. ತರ್ಕಬದ್ಧವೇ. ಐದನೇ ಸಾಲಿನಲ್ಲಿ ಹುಟ್ಟಿ ನಾಲ್ಕನೇ ಸಾಲಿನಲ್ಲಿ ಮುಗಿಯುವ ವಾಕ್ಯವನ್ನು ಯಾರು ತಾನೆ ಬರೆಯುತ್ತಾರೆ?

ಮನುಷ್ಯರು ಬರೆಯುವುದಿಲ್ಲ, ಪೈಟೆಸ್ಟ್ ಬರೆಯುತ್ತಿತ್ತು. ಪರೀಕ್ಷೆಯೊಂದು ಸೋತಾಗ ಎಡಗಡೆ ಎಷ್ಟಿತ್ತು, ಬಲಗಡೆ ಎಷ್ಟಿತ್ತು ಎಂದು ವಿವರವಾಗಿ ತೋರಿಸುವುದು ಅದರ ಹೆಗ್ಗಳಿಕೆ. ಅದಕ್ಕಾಗಿ ನಾವು ಬರೆದ ಪರೀಕ್ಷೆಯ ವಾಕ್ಯಗಳನ್ನು ಕಂಪೈಲರಿಗೆ ಒಪ್ಪಿಸುವ ಮುನ್ನ ಅದು ಒಳಗೊಳಗೇ ತಿದ್ದಿ, ಹೆಚ್ಚಿನ ಸಾಲುಗಳನ್ನು ಸೇರಿಸುತ್ತದೆ. ಹಾಗೆ ಸೇರಿಸಿದವುಗಳಿಗೆ ಅದು ಅಂಟಿಸುತ್ತಿದ್ದ ಸಾಲಿನ ಸಂಖ್ಯೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಅಲ್ಲಿಯವರೆಗೂ ಯಾರೂ ಕೇಳಿರಲಿಲ್ಲ, ನಡೆದುಹೋಗುತ್ತಿತ್ತು. ತಪ್ಪು ಪೈಟೆಸ್ಟಿನದೇ ಎಂದು ವಾದಿಸಬಹುದಿತ್ತು. ಬಿಡುಗಡೆಯ ಹೊಣೆ ಹೊತ್ತಿದ್ದ ಪ್ಯಾಬ್ಲೊ ಗಲಿಂಡೊ ಸಲ್ಗಾಡೊ ಮತ್ತು ಸಂಗಡಿಗರು ವಾದಕ್ಕೆ ಕೂರಲಿಲ್ಲ. ಪೈಟೆಸ್ಟ್ ಓಡದಿದ್ದರೆ ಬೀಟಾವನ್ನು ಯಾರೂ ಪರೀಕ್ಷಿಸಲಾರರು, ಪರೀಕ್ಷಿಸದ ಬೀಟಾ ಇದ್ದೂ ಪ್ರಯೋಜನವಿಲ್ಲ. ತಪಾಸಣೆಯನ್ನು ಸಡಿಲಿಸಿ ಮೂರನೇ ಬೀಟಾ ಹೊರಬಿಟ್ಟರು. ನನ್ನ ಮಟ್ಟಿಗೆ ಅದು ಇಡೀ ಬಿಡುಗಡೆಯಲ್ಲೇ ಅತ್ಯಂತ ವಿವೇಕದ ತೀರ್ಮಾನ.

ಪೈಥಾನ್ ಈಗ ವರ್ಷಕ್ಕೊಂದು ಹೊಸ ಆವೃತ್ತಿ ಕೊಡುತ್ತದೆ. 3.9ರಿಂದ ಈ ಪದ್ಧತಿ ನೆಲೆಯಾಗಿದೆ. ಮೇ ತಿಂಗಳ ಹೊತ್ತಿಗೆ ಮೊದಲ ಬೀಟಾ, ಅಕ್ಟೋಬರಿನಲ್ಲಿ ಅಂತಿಮ ಬಿಡುಗಡೆ. ಬೀಟಾ ಎಂದ ಕೂಡಲೇ ಹೊಸ ಸೌಲಭ್ಯ ಸೇರಿಸುವ ಬಾಗಿಲು ಮುಚ್ಚುತ್ತದೆ, ಇನ್ನು ಮುಂದೆ ದೋಷ ತಿದ್ದುವುದಷ್ಟೇ. ಬೀಟಾದ ಈ ಮೂರು ತಿಂಗಳು ಭಾಷೆ ಕಟ್ಟುವವರಿಗಿಂತ ಬಳಸುವವರಿಗೆ ಮೀಸಲು. ಭಾಷೆಯದೇ ಸಾವಿರಾರು ಸ್ವಯಂ ಪರೀಕ್ಷೆಗಳಿವೆ, ಅವು ಪ್ರತಿ ಬದಲಾವಣೆಗೂ ಓಡುತ್ತವೆ. ಆದರೂ ಪೈಟೆಸ್ಟಿನ ಹಿಂದುಮುಂದಾದ ಸಾಲುಗಳು ಆ ಬಲೆಗೆ ಬೀಳಲಿಲ್ಲ. ಹೊರಗಿನವರು ಭಾಷೆಯನ್ನು ಎಷ್ಟು ವಿಚಿತ್ರವಾಗಿ ಬಳಸುತ್ತಾರೆಂಬುದು ಹೊರಗಿನವರ ಕೈಗೆ ಕೊಟ್ಟಮೇಲೆಯೇ ತಿಳಿಯುವುದು.

ಕೈಗೆ ಕೊಡುವುದು ಎಂದೆನಲ್ಲ, ತೊಡಕು ಅಲ್ಲೇ ಇದೆ.

ಪೈಥಾನ್ ಬಳಸುವವರು ಬರೀ ಪೈಥಾನ್ ಬಳಸುವುದಿಲ್ಲ. ಲೆಕ್ಕಕ್ಕೆ ನಂಪೈ ಬೇಕು, ದತ್ತಾಂಶಕ್ಕೆ ಪಾಂಡಾಸ್ ಬೇಕು, ಚಿತ್ರ ಬಿಡಿಸಲು ಇನ್ನೊಂದು ಬೇಕು. ಇವುಗಳ ಒಡಲಿನ ಒಂದಷ್ಟು ಭಾಗ ಸಿ ಭಾಷೆಯಲ್ಲಿದೆ. ನಮ್ಮ ಯಂತ್ರದಲ್ಲಿ ಅದನ್ನು ಕಂಪೈಲ್ ಮಾಡುವ ರಗಳೆ ಬೇಡವೆಂದು ಲೇಖಕರೇ ಸಿದ್ಧಪಡಿಸಿ ಪೈಪಿಐ ಭಂಡಾರದಲ್ಲಿ ಇಟ್ಟಿರುವ ಪೊಟ್ಟಣಕ್ಕೆ ವೀಲ್ ಎನ್ನುತ್ತಾರೆ. ಪ್ರತಿ ವೀಲಿನ ಹೆಸರಿನಲ್ಲೇ ಅದರ ಜಾತಕವಿರುತ್ತದೆ: ಯಾವ ಪೈಥಾನಿಗೆ, ಯಾವ ಕಾರ್ಯವ್ಯವಸ್ಥೆಗೆ, ಯಾವ ಪ್ರೊಸೆಸರಿಗೆ. 3.11ಕ್ಕೆ ಕಟ್ಟಿದ್ದರ ಮೇಲೆ ‘ಸಿಪಿ311’ ಎಂದಿರುತ್ತದೆ. ಪೊಟ್ಟಣಗಳನ್ನು ಸ್ಥಾಪಿಸಿಕೊಡುವ ಪಿಪ್ ಆ ಹೆಸರನ್ನು ಓದಿ, ನಮ್ಮ ಯಂತ್ರಕ್ಕೆ ಒಗ್ಗುವುದನ್ನು ಹೆಕ್ಕಿ ಇಳಿಸಿಕೊಳ್ಳುತ್ತದೆ.

ಆ ಹೆಸರಿನಲ್ಲಿ ಬೀಟಾಕ್ಕೆ ಜಾಗವಿಲ್ಲ. ಮೊದಲ ಬೀಟಾದ ಮೇಲೆ ಕಟ್ಟಿದರೂ ಸಿಪಿ311, ಅಂತಿಮ ಆವೃತ್ತಿಯ ಮೇಲೆ ಕಟ್ಟಿದರೂ ಸಿಪಿ311. ಬೀಟಾ ಕಾಲದಲ್ಲಿ ಪೈಥಾನಿನ ಒಳರಚನೆಗಳು ಇನ್ನೂ ಅಲುಗಾಡುತ್ತಿರುತ್ತವೆ. ಒಂದು ರಚನೆಯ ಮೂರನೇ ಅಂಕಣ ನಾಲ್ಕನೆಯದಾದರೂ ಸಾಕು, ಹಳೆಯ ಅಳತೆಗೆ ಕಂಪೈಲ್ ಆದ ಪೊಟ್ಟಣ ಬೇರೆ ಯಾವುದೋ ಸ್ಮೃತಿ ವಿಳಾಸವನ್ನು ಓದಿ ಕುಸಿದು ಬೀಳುತ್ತದೆ. ಅವಸರದಲ್ಲಿ ಬೀಟಾ ವೀಲನ್ನು ಪೈಪಿಐಗೆ ಏರಿಸಿದವರಿಗೆ ಅದನ್ನು ಅದೇ ಹೆಸರಿನಲ್ಲಿ ಬದಲಿಸಲೂ ಆಗದು. ಒಮ್ಮೆ ಬಳಸಿದ ಕಡತದ ಹೆಸರನ್ನು ಅಳಿಸಿದ ಮೇಲೂ ಮತ್ತೆ ಬಳಸಲು ಭಂಡಾರ ಬಿಡುವುದಿಲ್ಲ. ಹಾಗಾಗಿ ಬಲ್ಲವರು ಒಳರಚನೆ ಗಟ್ಟಿಯಾಯಿತು ಎಂದು ಸಾರುವ ಮೊದಲ ಬಿಡುಗಡೆ ಅಭ್ಯರ್ಥಿಯ ತನಕ, ಅಂದರೆ ಆರ್‌ಸಿ1ರ ತನಕ ಕಾಯುತ್ತಾರೆ. 3.11ರ ಆರ್‌ಸಿ1 2022ರ ಆಗಸ್ಟ್ 8ರಂದು ಬಂತು. ಅದೇ ತಿಂಗಳು ಬಂದ ನಂಪೈ 1.23.2ರ ಮುಖ್ಯ ಸುದ್ದಿಯೇ ಆರ್‌ಸಿ1ಕ್ಕೆ ತಕ್ಕ ವೀಲುಗಳು.

ಈಗ ಇಕ್ಕಟ್ಟು ನೋಡಿ. ಬೀಟಾ ಇರುವುದೇ ಪರೀಕ್ಷಿಸಲು. ಪರೀಕ್ಷಿಸಬೇಕಾದರೆ ನಂಪೈ ಬೇಕು. ನಂಪೈ ವೀಲ್ ಬರುವುದು ಬೀಟಾ ಮುಗಿದಮೇಲೆ. ವೀಲ್ ಇಲ್ಲದಿದ್ದರೆ ಪಿಪ್ ಸುಮ್ಮನಿರುವುದಿಲ್ಲ, ಮೂಲ ಆಕರವನ್ನೇ ಇಳಿಸಿಕೊಂಡು ನಮ್ಮ ಯಂತ್ರದಲ್ಲಿ ಕಂಪೈಲ್ ಮಾಡಲು ಹೊರಡುತ್ತದೆ. ಲಿನಕ್ಸಿನಲ್ಲಿ ಕಂಪೈಲರ್ ಇದ್ದರೆ ಫ್ಯಾನು ಗಿರ್ರೆಂದು ತಿರುಗಿ ಹೇಗೋ ಮುಗಿದೀತು. ವಿಂಡೋಸ್ ಬಳಸುವ ವಿದ್ಯಾರ್ಥಿಗೆ ಪರದೆ ತುಂಬ ಕೆಂಪಕ್ಷರ, ಕೊನೆಯಲ್ಲಿ ಮೈಕ್ರೋಸಾಫ್ಟ್ ವಿಶುವಲ್ ಸಿ++ ಬೇಕೆಂಬ ಬೇಡಿಕೆ. ಅವನು ಪೈಥಾನ್ 3.11 ಸರಿಯಿಲ್ಲ ಎಂದು ತೀರ್ಮಾನಿಸಿ ಹಳೆಯದಕ್ಕೆ ಮರಳುತ್ತಾನೆ. ಕೆಟ್ಟಿದ್ದು ಭಾಷೆಯಲ್ಲ, ಪೊಟ್ಟಣವಿರಲಿಲ್ಲ ಅಷ್ಟೆ.

3.11ರಲ್ಲಿ ಇದಕ್ಕೆ ಇನ್ನೊಂದು ಪದರವೂ ಇತ್ತು. ಪೈಥಾನಿನಲ್ಲಿ ಒಂದು ಫಂಕ್ಷನ್ ಕರೆದಾಗಲೆಲ್ಲ ಅದರ ಲೆಕ್ಕಪತ್ರ ಇಡಲು ಫ್ರೇಮ್ ಎಂಬ ವಸ್ತು ಹುಟ್ಟುತ್ತಿತ್ತು. ವೇಗದ ಆಸೆಗೆ 3.11 ಅದನ್ನು ತೆಳ್ಳಗೆ ಮಾಡಿ, ಬೇಕೆಂದು ಕೇಳಿದಾಗ ಮಾತ್ರ ಪೂರ್ತಿ ವಸ್ತುವನ್ನು ಸೃಷ್ಟಿಸುವ ಏರ್ಪಾಟು ಮಾಡಿತು. ಪೈಥಾನಿನಂತೆಯೇ ಬರೆದ ಕೋಡನ್ನು ಸಿ ಭಾಷೆಗೆ ಇಳಿಸುವ ಸೈಥಾನ್ ಮೊದಲಿನಿಂದಲೂ ಈ ಫ್ರೇಮಿನ ಒಳಗೆ ಕೈಹಾಕುತ್ತಿತ್ತು. ಸೈಥಾನ್ ತಂಡ ತನ್ನದನ್ನೇನೋ ತಿದ್ದಿಕೊಂಡಿತು. ಆದರೆ ಎಷ್ಟೋ ಪ್ಯಾಕೇಜುಗಳು ಹಳೆಯ ಸೈಥಾನ್ ಉತ್ಪಾದಿಸಿದ ಸಿ ಕಡತವನ್ನೇ ತಮ್ಮ ಆಕರದೊಳಗೆ ಇಟ್ಟು ಹಂಚುತ್ತಿದ್ದವು. ಲೇಖಕರು ಒಂದಕ್ಷರ ಬದಲಿಸದಿದ್ದರೂ ಅವರ ಪ್ಯಾಕೇಜು 3.11ರಲ್ಲಿ ಕಂಪೈಲ್ ಆಗದೆ ಮುಗ್ಗರಿಸಿತು. ಮದ್ದು ಸುಲಭ: ಹೊಸ ಸೈಥಾನಿನಿಂದ ಸಿ ಕಡತವನ್ನು ಮರುಉತ್ಪಾದಿಸಿ ಮತ್ತೊಮ್ಮೆ ಬಿಡುಗಡೆ ಮಾಡುವುದು. ಆದರೆ ಅದನ್ನು ಮಾಡಲು ಆ ಪ್ಯಾಕೇಜಿಗೆ ಯಾರಾದರೂ ದಿಕ್ಕಿರಬೇಕಲ್ಲ.

ಈ ಗಂಟನ್ನು ಬಿಡಿಸಲು ಹೆಚ್ಚು ಬೆವರು ಸುರಿಸುವವರು ಲಿನಕ್ಸ್ ವಿತರಣೆಗಳನ್ನು ಕಟ್ಟುವವರು. ಫೆಡೋರಾದ ಪೈಥಾನ್ ಬಳಗ ಆಲ್ಫಾ ಹಂತದಿಂದಲೇ ತನ್ನ ಸಾವಿರಾರು ಪೈಥಾನ್ ಪ್ಯಾಕೇಜುಗಳನ್ನು ಬೇರೆಯೇ ಒಂದು ಜಾಗದಲ್ಲಿ ಹೊಸ ಆವೃತ್ತಿಯ ಮೇಲೆ ಕಟ್ಟಿ ನೋಡುತ್ತದೆ. ಯಾವುದು ಕಟ್ಟಲಾಗದೆ ಬಿತ್ತೋ ಅದರ ಲೇಖಕರಿಗೆ ದೂರು ಹೋಗುತ್ತದೆ, ಎಷ್ಟೋ ಸಲ ತಿದ್ದುಪಡಿಯ ಸಮೇತ. 2022ರ ನವೆಂಬರಿನಲ್ಲಿ ಬಂದ ಫೆಡೋರಾ 37 ಪೈಥಾನ್ 3.11ರೊಂದಿಗೇ ಬಂತು. ಆ ಅಂತಿಮ ಆವೃತ್ತಿ ಹೊರಬಂದು ಆಗಿನ್ನೂ ತಿಂಗಳೂ ಆಗಿರಲಿಲ್ಲ. ಇಂಥವರ ದುಡಿಮೆ ಸುದ್ದಿಯಾಗುವುದಿಲ್ಲ, ವೇಗದ ಅಂಕಿ ಸುದ್ದಿಯಾಗುತ್ತದೆ.

ವೇಗಕ್ಕೆ ಹೋಗುವ ಮುನ್ನ ಹಿಂದಿನ ವರ್ಷದ ಒಂದು ತಮಾಷೆ. 3.9 ಆದಮೇಲೆ ಬಂದದ್ದು 3.10. ಆವೃತ್ತಿಯ ಮೊದಲ ಮೂರು ಅಕ್ಷರ ಕತ್ತರಿಸಿಕೊಂಡರೆ ಸಾಕು ಎಂದು ನಂಬಿದ್ದ ಪ್ರೋಗ್ರಾಂಗಳಿಗೆ ಅದು 3.1 ಎಂದು ಕಂಡಿತು. ಪರೀಕ್ಷಾ ವ್ಯವಸ್ಥೆಗಳ ಯಾಮಲ್ ಕಡತದಲ್ಲಿ ಉದ್ಧರಣ ಚಿಹ್ನೆಯಿಲ್ಲದೆ 3.10 ಎಂದು ಬರೆದವರಿಗೂ ಅದೇ ಗತಿ, ಏಕೆಂದರೆ ದಶಮಾಂಶ ಸಂಖ್ಯೆಯಾಗಿ ಓದಿದರೆ ಕೊನೆಯ ಸೊನ್ನೆಗೆ ಬೆಲೆಯಿಲ್ಲ. ಹತ್ತು ವರ್ಷಕ್ಕೂ ಹಿಂದಿನ ಪೈಥಾನನ್ನು ಯಂತ್ರ ಹುಡುಕಿಕೊಂಡು ಹೋಯಿತು.

ಇನ್ನೊಂದು ಪರೀಕ್ಷೆಯನ್ನು ಕನ್ನಡಿಗರು ಮನೆಯಲ್ಲೇ ಮಾಡಬಹುದು. 3.11 ತನ್ನ ಅಕ್ಷರ ಕೋಶವನ್ನು ಯೂನಿಕೋಡ್ 14ಕ್ಕೆ ಏರಿಸಿಕೊಂಡಿತು. ಕನ್ನಡದ ಹಳೆಯ ಬರಹಗಳಲ್ಲಿ ಸ್ವರವಿಲ್ಲದ ನಕಾರಕ್ಕೆ ಬಳಕೆಯಲ್ಲಿದ್ದ ನಕಾರಪೊಲ್ಲು ಯೂನಿಕೋಡಿಗೆ ಸೇರಿದ್ದು ಆ ಆವೃತ್ತಿಯಲ್ಲೇ. ಆ ಸಂಕೇತದ ಹೆಸರೇನು ಎಂದು 3.10ನ್ನು ಕೇಳಿದರೆ ಅಂಥ ಹೆಸರೇ ಇಲ್ಲವೆಂದು ದೋಷ ತೋರಿಸುತ್ತದೆ. 3.11 ಹೆಸರು ಹೇಳುತ್ತದೆ. ಹಳಗನ್ನಡ ಪಠ್ಯಗಳನ್ನು ಗಣಕಕ್ಕೆ ಏರಿಸುವವರಿಗೆ ಇದು 3.11ರಲ್ಲಿ ಸರಾಸರಿ ಶೇಕಡಾ ಇಪ್ಪತ್ತೈದರಷ್ಟು ಏರಿದ ವೇಗಕ್ಕಿಂತ ಹೆಚ್ಚಿನ ಲಾಭ. ಯಾರೂ ಇದನ್ನು ತಲೆಬರಹ ಮಾಡಲಿಲ್ಲ.

ತಲೆಬರಹವಾದದ್ದು ಆ ಇಪ್ಪತ್ತೈದೇ. ಪೈಥಾನಿನ ಜನಕ ಗೀಡೊ ವಾನ್ ರೊಸ್ಸಮ್ ನಿವೃತ್ತಿ ಮುರಿದು 2020ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ಅಲ್ಲಿ ಅವರ ತಂಡ ಕೈಗೆತ್ತಿಕೊಂಡ, ಸಹೋದ್ಯೋಗಿ ಮಾರ್ಕ್ ಶ್ಯಾನನ್ ಹಾಕಿದ್ದ ಯೋಜನೆ ಮಹತ್ವಾಕಾಂಕ್ಷೆಯದು: ನಾಲ್ಕು ಆವೃತ್ತಿಗಳಲ್ಲಿ ಐದು ಪಟ್ಟು ವೇಗ. ಅದರ ಮೊದಲ ಫಸಲು 3.11. ಇದರ ಜೀವಾಳ ಅನುಭವದಿಂದ ಕಲಿಯುವ ಇಂಟರ್‌ಪ್ರೆಟರ್. ಎರಡು ಬೆಲೆಗಳನ್ನು ಕೂಡಿಸು ಎಂದಾಗ ಹಳೆಯ ಪೈಥಾನ್ ಪ್ರತಿ ಸಲವೂ ಇವು ಪೂರ್ಣಾಂಕವೇ, ದಶಮಾಂಶವೇ, ಪಠ್ಯವೇ ಎಂದು ವಿಚಾರಿಸುತ್ತಿತ್ತು. 3.11 ಕೆಲವು ಬಾರಿ ವಿಚಾರಿಸಿ, ಇಲ್ಲಿಗೆ ಯಾವಾಗಲೂ ಪೂರ್ಣಾಂಕವೇ ಬರುತ್ತದೆ ಎಂದು ಗುರುತು ಹಿಡಿದು, ಆ ಜಾಗದ ಸಾಮಾನ್ಯ ಆದೇಶವನ್ನು ಅಳಿಸಿ ಪೂರ್ಣಾಂಕಕ್ಕೆ ಮೀಸಲಾದ ಚುರುಕಾದ ಆದೇಶವನ್ನು ಬರೆದುಕೊಳ್ಳುತ್ತದೆ. ಮುಂದೆಂದಾದರೂ ದಶಮಾಂಶ ಬಂದರೆ ಹಳೆಯ ದಾರಿಗೆ ಹೊರಳುತ್ತದೆ.

ಇದರಿಂದ ವೇಗ ಅಳೆಯುವ ಕೆಲಸವೇ ಕಠಿಣವಾಯಿತು. ಒಂದೇ ಫಂಕ್ಷನ್ ಮೊದಲ ಕೆಲವು ಸಲ ನಿಧಾನ, ಆಮೇಲೆ ಚುರುಕು. ಬರೀ ಪೂರ್ಣಾಂಕ ಕೊಟ್ಟು ಅಳೆದರೆ ಒಂದು ಉತ್ತರ, ಬೆರಕೆ ಕೊಟ್ಟರೆ ಇನ್ನೊಂದು. ಹಾಗಾಗಿ ಸಣ್ಣ ಲೂಪ್ ಒಂದನ್ನು ಬರೆದು ಗಡಿಯಾರ ಹಿಡಿದು ‘ಹೊಸ ಪೈಥಾನ್ ಇಷ್ಟು ಪಟ್ಟು ವೇಗ’ ಎಂದು ಸಾರುವವರ ಮಾತನ್ನು ನಾನು ನಂಬುವುದಿಲ್ಲ. ತಂಡ ಬಳಸುವುದು ಪೈಪರ್ಫಾರ್ಮೆನ್ಸ್ ಎಂಬ ಕಾರ್ಯಕ್ರಮಗಳ ಕಟ್ಟನ್ನು. ಅದರಲ್ಲಿ ಗ್ರಹಗಳ ಚಲನೆಯ ಲೆಕ್ಕವಿದೆ, ಜಾಲಪುಟದ ಟೆಂಪ್ಲೇಟ್ ತುಂಬುವುದಿದೆ, ಜೇಸನ್ ಬರೆಯುವುದಿದೆ. ಒಂದೊಂದನ್ನೂ ಅಳೆಯುವ ಪೈಪರ್ಫ್ ಸುಮ್ಮನೆ ಒಮ್ಮೆ ಓಡಿಸಿ ಬಿಡುವುದಿಲ್ಲ. ಇಪ್ಪತ್ತು ಬೇರೆಬೇರೆ ಪ್ರೊಸೆಸ್‌ಗಳನ್ನು ಹುಟ್ಟಿಸಿ, ಪ್ರತಿಯೊಂದರಲ್ಲೂ ಒಂದು ಸುತ್ತನ್ನು ಬಿಸಿಯೇರಲು ಬಿಟ್ಟು, ಮೂರು ಅಳತೆ ತೆಗೆದುಕೊಳ್ಳುತ್ತದೆ. ಒಂದೇ ಪ್ರೊಸೆಸಿನಲ್ಲಿ ಅರವತ್ತು ಸಲ ಅಳೆದರೆ ಆಗದೆ? ಆಗದು. ಪೈಥಾನ್ ಶುರುವಾದಾಗಲೆಲ್ಲ ಪಠ್ಯಗಳ ಹ್ಯಾಶ್ ಬೆಲೆ ಬೇರೆಯಾಗುತ್ತದೆ, ಸ್ಮೃತಿಯಲ್ಲಿ ಕೂರುವ ಜಾಗ ಬೇರೆಯಾಗುತ್ತದೆ. ಒಂದು ಪ್ರೊಸೆಸಿನ ಅದೃಷ್ಟ ಅದರ ಅರವತ್ತೂ ಅಳತೆಗಳಿಗೆ ಅಂಟಿಕೊಂಡಿರುತ್ತದೆ.

ಈ ಅದೃಷ್ಟ ಎಷ್ಟು ಕ್ಷುಲ್ಲಕ ಕಾರಣಕ್ಕೆ ಬದಲಾಗಬಲ್ಲದು ಎಂಬುದನ್ನು 2009ರಲ್ಲಿ ಟಾಡ್ ಮಿಟ್ಕೋವಿಚ್ ಮತ್ತು ಸಂಗಡಿಗರು ತೋರಿಸಿದ್ದರು. ಪೈಥಾನಿಗೆ ಸಂಬಂಧಿಸಿದ್ದಲ್ಲ, ಸಿ ಪ್ರೋಗ್ರಾಂಗಳ ಮಾತು. ಪ್ರೋಗ್ರಾಮನ್ನು ಮುಟ್ಟದೆ, ಯುನಿಕ್ಸಿನ ಪರಿಸರ ಚರಗಳ ಒಟ್ಟು ಗಾತ್ರ ಬದಲಿಸಿದರೆ ಸಾಕು, ವೇಗ ಬದಲಾಗುತ್ತಿತ್ತು. ಆ ಚರಗಳು ಸ್ಟ್ಯಾಕಿನ ತುದಿಯಲ್ಲಿ ಕೂರುವುದರಿಂದ ಅವು ಉದ್ದವಾದಂತೆ ಉಳಿದದ್ದೆಲ್ಲ ಸರಿದು ಕೂರುತ್ತದೆ. ಬಳಕೆದಾರನ ಹೆಸರು ಉದ್ದವಿದ್ದರೂ ಫಲಿತಾಂಶ ಬೇರೆ ಬರಬಹುದು ಎಂದಾಯಿತು.

ಅಳೆದಮೇಲೆ ಸರಾಸರಿಯ ಪ್ರಶ್ನೆ. ಒಂದು ಪ್ರೋಗ್ರಾಂ ಎರಡು ಪಟ್ಟು ವೇಗವಾಯಿತು, ಇನ್ನೊಂದು ಅರ್ಧಕ್ಕಿಳಿಯಿತು ಎನ್ನಿ. ಎರಡು ಮತ್ತು ಅರ್ಧ ಕೂಡಿಸಿ ಎರಡರಿಂದ ಭಾಗಿಸಿದರೆ 1.25, ಅಂದರೆ ಶೇಕಡಾ 25 ಲಾಭ! ಆಗಿದ್ದು ಏನೂ ಇಲ್ಲ. ಅದಕ್ಕೇ ಇಲ್ಲಿ ಗುಣೋತ್ತರ ಸರಾಸರಿ ಬಳಸುತ್ತಾರೆ, ಅದು ನ್ಯಾಯವಾಗಿ 1 ಎನ್ನುತ್ತದೆ. 3.11ರ ಅಧಿಕೃತ ಅಂಕಿ 1.25 ಈ ನ್ಯಾಯದ ಲೆಕ್ಕದ್ದು. 3.10ಕ್ಕೆ ಹೋಲಿಸಿ, ಉಬುಂಟು ಲಿನಕ್ಸಿನಲ್ಲಿ ಜಿಸಿಸಿಯಿಂದ ಕಂಪೈಲ್ ಮಾಡಿದ್ದರ ಮೇಲೆ. ಬಿಡಿಬಿಡಿಯಾಗಿ ನೋಡಿದರೆ ಕೆಲವು ಸುಮಾರು ಎರಡು ಪಟ್ಟಾಗಿದ್ದವು, ಕೆಲವು ತುಸು ಹಿಂದೆ ಬಿದ್ದಿದ್ದವು. ಇಡೀ ದಿನ ನಂಪೈಯಲ್ಲಿ ಮುಳುಗಿರುವ ಪ್ರೋಗ್ರಾಮಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ ಎಂದು ಬಿಡುಗಡೆಯ ಟಿಪ್ಪಣಿಯೇ ಒಪ್ಪಿಕೊಂಡಿತ್ತು. ಅದರ ಕೆಲಸ ನಡೆಯುವುದು ಸಿ ಕೋಡಿನಲ್ಲಿ, ಪೈಥಾನ್ ಚುರುಕಾದರೆ ಅದಕ್ಕೇನು?

‘ಜಿಸಿಸಿಯಿಂದ ಕಂಪೈಲ್ ಮಾಡಿದ್ದು’ ಎಂಬ ಉಪವಾಕ್ಯವನ್ನು ಓದುಗರು ದಾಟಿ ಹೋಗುತ್ತಾರೆ. ನನಗೆ ಅದೇ ಮುಖ್ಯವೆನಿಸುತ್ತದೆ. ನಾವು ಅಳೆಯುವುದು ಪೈಥಾನ್ ಎಂಬ ಭಾಷೆಯ ವೇಗವನ್ನಲ್ಲ, ಯಾರೋ ಯಾವುದೋ ಕಂಪೈಲರಿನಲ್ಲಿ ಯಾವುದೋ ಆಯ್ಕೆಗಳೊಂದಿಗೆ ಕಟ್ಟಿದ ಒಂದು ಪೊಟ್ಟಣದ ವೇಗವನ್ನು. ಪೈಥಾನ್ ಕಟ್ಟುವಾಗ ಮೊದಲು ಒಮ್ಮೆ ಓಡಿಸಿ, ಯಾವ ದಾರಿ ಹೆಚ್ಚು ತುಳಿತಕ್ಕೆ ಸಿಗುತ್ತದೆಂದು ದಾಖಲಿಸಿ, ಆ ದಾಖಲೆಯ ಆಧಾರದಲ್ಲಿ ಮರುಕಂಪೈಲ್ ಮಾಡುವ ಆಯ್ಕೆಯಿದೆ. ವಿತರಣೆಗಳು ಸಾಮಾನ್ಯವಾಗಿ ಅದನ್ನು ಬಳಸುತ್ತವೆ. ಬೀಟಾ ಬಂದ ದಿನವೇ ಆಕರ ಇಳಿಸಿಕೊಂಡು ಆ ಆಯ್ಕೆಯಿಲ್ಲದೆ ಅವಸರದಲ್ಲಿ ಕಂಪೈಲ್ ಮಾಡಿ, ತನ್ನ ಉಬುಂಟುವಿನಲ್ಲಿ ಮೊದಲೇ ಇರುವ ಹಳೆಯ ಪೈಥಾನಿಗೆ ಹೋಲಿಸಿದವನಿಗೆ ಹೊಸದೇ ನಿಧಾನ ಎಂದು ಕಂಡರೆ ಆಶ್ಚರ್ಯವಿಲ್ಲ.

ಹೊಸಬರು ಮಾತ್ರವಲ್ಲ, ನುರಿತವರೂ ಇಲ್ಲಿ ಜಾರಿದ್ದಾರೆ. ಪೈಥಾನ್ 3.14 ಇನ್ನೂ ಆಲ್ಫಾ ಹಂತದಲ್ಲಿದ್ದಾಗ, 2025ರ ಆರಂಭದಲ್ಲಿ, ಕೆನ್ ಜಿನ್ ಬರೆದ ಹೊಸ ಬಗೆಯ ಇಂಟರ್‌ಪ್ರೆಟರ್ ಸೇರಿತು. ಪ್ರತಿ ಆದೇಶವೂ ಒಂದು ಪುಟ್ಟ ಫಂಕ್ಷನ್, ತನ್ನ ಕೆಲಸ ಮುಗಿದೊಡನೆ ಮುಂದಿನ ಆದೇಶದ ಫಂಕ್ಷನ್ನಿಗೆ ನೇರ ಜಿಗಿತ. ಪೈಪರ್ಫಾರ್ಮೆನ್ಸಿನಲ್ಲಿ ಸರಾಸರಿ ಶೇಕಡಾ 9ರಿಂದ 15ರಷ್ಟು ಲಾಭ ಕಂಡಿತು. ಇಂಟರ್‌ಪ್ರೆಟರಿನ ಒಂದು ಬದಲಾವಣೆಗೆ ಇದು ಭಾರಿ ಅಂಕಿ, ಜಗತ್ತು ಬೆರಗಾಯಿತು. ಮಾರ್ಚಿನಲ್ಲಿ ನೆಲ್ಸನ್ ಎಲ್‌ಹೇಜ್ ಎಂಬ ಎಂಜಿನಿಯರ್ ಕೂತು ಬಿಡಿಸಿ ನೋಡಿದರು. ಈ ಹೊಸ ವಿಧಾನಕ್ಕೆ ಕ್ಲ್ಯಾಂಗ್ 19 ಕಂಪೈಲರ್ ಬೇಕಿತ್ತು. ಹೋಲಿಕೆ ಸಮವಾಗಿರಲೆಂದು ಹಳೆಯ ವಿಧಾನವನ್ನೂ ಅದೇ ಕ್ಲ್ಯಾಂಗ್ 19ರಲ್ಲಿ ಕಟ್ಟಿದ್ದರು. ಆ ಆವೃತ್ತಿಯಲ್ಲಿ ಒಂದು ದೋಷ ನುಸುಳಿತ್ತು. ಹಳೆಯ ಇಂಟರ್‌ಪ್ರೆಟರಿನಲ್ಲಿ ಪ್ರತಿ ಆದೇಶದ ಕೊನೆಯಲ್ಲೂ ಇರಬೇಕಾದ ಜಿಗಿತಗಳನ್ನೆಲ್ಲ ಅದು ಒಂದೇ ಕಡೆ ಗುಡ್ಡೆ ಹಾಕಿ, ಹಳೆಯದನ್ನು ಸುಮ್ಮನೆ ನಿಧಾನ ಮಾಡಿತ್ತು. ಹೊಸದು ಓಡಿದ್ದಕ್ಕಿಂತ ಹಳೆಯದು ಕುಂಟಿದ್ದೇ ಹೆಚ್ಚು. ಜಿಸಿಸಿ ಅಥವಾ ಕ್ಲ್ಯಾಂಗ್ 18ರಲ್ಲಿ ಕಟ್ಟಿದ ಹಳೆಯದಕ್ಕೆ ಹೋಲಿಸಿದರೆ ಲಾಭದ ಬಹುಭಾಗ ಕರಗಿತು. ಕೆನ್ ಜಿನ್ ಬಹಿರಂಗವಾಗಿ ಕ್ಷಮೆ ಕೇಳಿದರು, ಅಧಿಕೃತ ಟಿಪ್ಪಣಿಯಲ್ಲಿ ಅಂಕಿ ಶೇಕಡಾ 3ರಿಂದ 5ಕ್ಕೆ ಇಳಿಯಿತು. ಕ್ಷಮೆ ಅಗತ್ಯವಿರಲಿಲ್ಲ ಎಂದೇ ನನ್ನ ಅನಿಸಿಕೆ. ಒಂದೇ ಕಂಪೈಲರಿನಲ್ಲಿ ಎರಡನ್ನೂ ಕಟ್ಟಿ ಹೋಲಿಸುವುದು ಯಾವ ಪಠ್ಯಪುಸ್ತಕವೂ ಮೆಚ್ಚುವ ಕ್ರಮ. ಅಂತಿಮ ಬಿಡುಗಡೆಗೆ ಏಳು ತಿಂಗಳಿರುವಾಗಲೇ ಇದು ಬಯಲಾದದ್ದು ಮಾತ್ರ ಮುನ್ನಾವೃತ್ತಿಗಳನ್ನು ಎಲ್ಲರ ಕೈಗೆ ಕೊಡುವ ಪದ್ಧತಿಯಿಂದ.

3.11ರ ಕತೆಗೆ ಮರಳೋಣ. ಅಕ್ಟೋಬರ್ 3ಕ್ಕೆಂದು ಗೊತ್ತಾಗಿದ್ದ ಅಂತಿಮ ಆವೃತ್ತಿ 24ಕ್ಕೆ ಬಂತು. ಶೇಕಡಾ 10ರಿಂದ 60ರವರೆಗೆ ವೇಗ ಎಂಬ ಸುದ್ದಿ ಎಲ್ಲೆಡೆ ಹಬ್ಬಿತು. ವೇಗಕ್ಕಾಗಿ ಹಾತೊರೆಯುವವರಲ್ಲಿ ಮೊದಲಿಗರಾದ ವೈಜ್ಞಾನಿಕ ಗಣನೆಯವರಲ್ಲಿ ಹಲವರಿಗೆ ಆ ದಿನ ಅದನ್ನು ಬಳಸಲಾಗಲಿಲ್ಲ. ಪೈಥಾನ್ ಫಂಕ್ಷನ್ನುಗಳನ್ನು ಯಂತ್ರಭಾಷೆಗೆ ಇಳಿಸುವ ನಂಬಾ ಪೈಥಾನಿನ ಒಳಗಿನ ಬೈಟ್‌ಕೋಡನ್ನೇ ಓದಿ ಕೆಲಸ ಮಾಡುವ ಸಲಕರಣೆ. 3.11 ವೇಗ ಪಡೆದದ್ದೇ ಆ ಬೈಟ್‌ಕೋಡನ್ನು ಬುಡಮೇಲು ಮಾಡಿ. ಹೊಸ ಪೈಥಾನಿನಲ್ಲಿ ನಂಬಾ ಸ್ಥಾಪಿಸಹೊರಟವರಿಗೆ 3.11ಕ್ಕಿಂತ ಕೆಳಗಿನವುಗಳಿಗೆ ಮಾತ್ರ ಎಂಬ ಉತ್ತರ ಸಿಗುತ್ತಿತ್ತು. 3.11ಕ್ಕೆ ಒಗ್ಗಿದ ನಂಬಾ 0.57 ಹೊರಬಂದದ್ದು 2023ರ ಮೇ ತಿಂಗಳ ಮೊದಲಲ್ಲಿ. ಅದೇ ಮೇ 22ರಂದು ಪೈಥಾನ್ 3.12ರ ಮೊದಲ ಬೀಟಾ ಬಂತು. ಪ್ಯಾಕೇಜು ಕಟ್ಟಲು ದಶಕಗಳಿಂದ ಎಲ್ಲರೂ ನೆಚ್ಚಿಕೊಂಡಿದ್ದ ಡಿಸ್ಟ್‌ಯುಟಿಲ್ಸ್ ಅದರಲ್ಲಿ ಇರಲಿಲ್ಲ.